ಬಿಳಿ ಬಟ್ಟೆ ಬಿಳಿಯಾಗಿಯೇ ಕಾಣಲಿ: ಮದುವೆ ಫೋಟೊ ಮತ್ತು ವೈಟ್ ಬ್ಯಾಲೆನ್ಸ್

ಮದುವೆಯ ಆಲ್ಬಮ್ ತಿರುವುವಾಗ ಒಂದು ಪುಟದಲ್ಲಿ ದುಲ್ಹನ್ ಅರಿಶಿನ ಬಳಿದಂತೆ ಹಳದಿಯಾಗಿ, ಮುಂದಿನ ಪುಟದಲ್ಲಿ ಅವಳೇ ನೀಲಿಯಾಗಿ ಕಾಣುವುದನ್ನು ನೀವು ನೋಡಿರಬಹುದು. ಮುಖ ಅದೇ, ಬಟ್ಟೆ ಅದೇ, ಬದಲಾದದ್ದು ಬೆಳಕು. ಈ ವ್ಯತ್ಯಾಸವನ್ನು ಕ್ಯಾಮೆರಾದಲ್ಲಿ ಸರಿಪಡಿಸುವುದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ನಮ್ಮ ಆಪಾ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂ ಕಡೆಯ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯುತ್ತಾರೆ. ರಜೆಯಲ್ಲಿ ಅವರಿಗೆ ಸಹಾಯಕಿಯಾಗಿ ಹೋಗಿ ಕಲಿತದ್ದನ್ನು ನಮ್ಮ ಫಿಸಿಕ್ಸ್ ಪಾಠದ ಜೊತೆ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕಣ್ಣು ಮತ್ತು ಕ್ಯಾಮೆರಾ

ಬಿಳಿ ಹಾಳೆಯನ್ನು ಬಿಸಿಲಲ್ಲಿ ನೋಡಿದರೂ ಬಲ್ಬಿನ ಕೆಳಗೆ ನೋಡಿದರೂ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಕಣ್ಣು ಮತ್ತು ಮಿದುಳು ಬೆಳಕಿಗೆ ಹೊಂದಿಕೊಳ್ಳುತ್ತವೆ. ಕ್ಯಾಮೆರಾದ ಸೆನ್ಸರ್ ತನ್ನ ಮೇಲೆ ಬಿದ್ದ ಕೆಂಪು, ಹಸಿರು, ನೀಲಿ ಬೆಳಕನ್ನು ಅಳೆಯುತ್ತದೆ, ಅಷ್ಟೇ. ಯಾವುದನ್ನು ಬಿಳಿ ಎಂದು ತಿಳಿಯಬೇಕು ಎಂಬುದನ್ನು ನಾವು ಹೇಳಿಕೊಡಬೇಕು.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಸಮ್ 11ನೇ ಶತಮಾನದ ಆರಂಭದಲ್ಲಿ ‘ಕಿತಾಬುಲ್ ಮನಾಝಿರ್’ ಎಂಬ ಗ್ರಂಥ ಬರೆದರು. ಬಿಸಿಲು ಬಿದ್ದ ಹಸಿರು ಗಿಡಗಳ ಬಣ್ಣ ಪಕ್ಕದ ಗೋಡೆಯ ಮೇಲೂ ಬಿಳಿ ಬಟ್ಟೆಯ ಮೇಲೂ ಹರಡುವುದನ್ನು ಅವರು ಅದರಲ್ಲಿ ಗುರುತಿಸಿದ್ದಾರೆ. ಕೆಂಪು ಶಾಮಿಯಾನದ ಕೆಳಗೆ ಕುಳಿತವರ ಬಿಳಿ ಕುರ್ತಾ ನಸುಗೆಂಪಾಗುವುದನ್ನು ನೋಡಿದಾಗ ಈ ಮಾತು ಎಷ್ಟು ನಿಜ ಎಂದು ತಿಳಿಯುತ್ತದೆ.

ಕೆಲ್ವಿನ್ ಲೆಕ್ಕ

ಉಷ್ಣದ ಪಾಠದಲ್ಲಿ ನಾವು ವೀನ್ ನಿಯಮ ಓದಿದ್ದೇವೆ. ಕಾದ ಕಪ್ಪುಕಾಯ ಯಾವ ತರಂಗದೂರದಲ್ಲಿ ಅತಿ ಹೆಚ್ಚು ವಿಕಿರಣ ಹೊರಸೂಸುತ್ತದೆ ಎಂದು ತಿಳಿಯಲು 0.0029 ಅನ್ನು ಅದರ ತಾಪಮಾನದಿಂದ ಭಾಗಿಸಬೇಕು. ಉತ್ತರ ಮೀಟರಿನಲ್ಲಿ ಬರುತ್ತದೆ. 5500 ಕೆಲ್ವಿನ್‌ಗೆ ಸುಮಾರು 527 ನ್ಯಾನೊಮೀಟರ್, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ನಡುಭಾಗ. 3000 ಕೆಲ್ವಿನ್‌ಗೆ ಸುಮಾರು 967 ನ್ಯಾನೊಮೀಟರ್, ಅದು ಅವಕೆಂಪು. ಆದ್ದರಿಂದ ಹಳೆಯ ಬಲ್ಬಿನ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ.

ಕೆಲವು ಅಂದಾಜುಗಳನ್ನು ನೆನಪಿಡಿ: ಮೇಣದ ಬತ್ತಿ 1900, ತಂತಿ ಬಲ್ಬ್ 2800, ಹ್ಯಾಲೊಜನ್ 3200, ನಡುಹಗಲ ಬಿಸಿಲು ಮತ್ತು ಫ್ಲ್ಯಾಶ್ 5500, ಬಿಳಿ ಎಲ್‌ಇಡಿ ಟ್ಯೂಬ್ 6500, ಬಯಲಿನ ನೆರಳು 7000ದಿಂದ 8000. ಎಲ್‌ಇಡಿ ಅಷ್ಟು ಕಾಯುವುದಿಲ್ಲ. ಅದರ ಬಣ್ಣ ಅಷ್ಟು ಕಾದ ವಸ್ತುವಿನ ಬಣ್ಣವನ್ನು ಹೋಲುತ್ತದೆ ಎಂದಷ್ಟೇ ಅರ್ಥ.

ಬೆಳಕು ಎಷ್ಟು ಕೆಲ್ವಿನ್ ಇದೆಯೋ ಕ್ಯಾಮೆರಾವನ್ನೂ ಅಷ್ಟಕ್ಕೇ ಇಟ್ಟರೆ ಬಿಳಿ ಬಿಳಿಯಾಗಿ ಬರುತ್ತದೆ. ಬಲ್ಬಿನ ಕೆಳಗೆ 5500 ಇಟ್ಟರೆ ಚಿತ್ರ ಹಳದಿ. ಬಿಸಿಲಲ್ಲಿ 3000 ಇಟ್ಟರೆ ನೀಲಿ.

ಇನ್ನೊಂದು ವಿಷಯ. 500 ಕೆಲ್ವಿನ್ ವ್ಯತ್ಯಾಸ ಎಲ್ಲ ಕಡೆಯೂ ಒಂದೇ ರೀತಿ ಕಾಣುವುದಿಲ್ಲ. ಇದಕ್ಕೆ ಮೈರೆಡ್ ಎಂಬ ಅಳತೆ ಇದೆ: 10 ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸುವುದು. 2700ರಿಂದ 3200ಕ್ಕೆ ಹೋದರೆ ಬದಲಾವಣೆ ಸುಮಾರು 58 ಮೈರೆಡ್. 6000ದಿಂದ 6500ಕ್ಕೆ ಕೇವಲ 13. ಹಳದಿ ದೀಪಗಳ ನಡುವೆ ಹೆಚ್ಚು ಎಚ್ಚರ ಬೇಕು.

ನಮ್ಮ ಕಡೆಯ ಮದುವೆಗಳಲ್ಲಿ

ಬಸವನಗುಡಿಯ ಕಲ್ಯಾಣ ಮಂಟಪದಲ್ಲಿ ಮುಹೂರ್ತ ಬೆಳಗ್ಗೆಯೇ ಇದ್ದರೆ ಕಿಟಕಿಯಿಂದ ಹಗಲು ಬೆಳಕು, ಮೇಲೆ ಹಳದಿ ದೀಪ, ಕೆಳಗೆ ಹೋಮದ ಬೆಂಕಿ, ಮೂರೂ ಒಟ್ಟಿಗೆ ಇರುತ್ತವೆ. ಮೂರನ್ನೂ ಒಂದೇ ಸಂಖ್ಯೆಯಿಂದ ಸರಿಪಡಿಸಲಾಗದು. ಆಪಾ ಹೇಳುವ ಸೂತ್ರ: ಮುಖದ ಮೇಲೆ ಯಾವ ಬೆಳಕು ಹೆಚ್ಚೋ ಅದಕ್ಕೆ ಹೊಂದಿಸು. ಹಳದಿ ದೀಪವೇ ಹೆಚ್ಚಾಗಿದ್ದರೆ ಫ್ಲ್ಯಾಶ್‌ಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಕಟ್ಟಿ, ಅದನ್ನೂ 3200ರ ಹತ್ತಿರಕ್ಕೆ ತಂದು, ಕ್ಯಾಮೆರಾವನ್ನು 3200ಕ್ಕೆ ಇಡುತ್ತಾರೆ. ಬೆಂಕಿಯ ಕೆಂಬಣ್ಣವನ್ನು ಪೂರ್ತಿ ತೆಗೆಯುವುದಿಲ್ಲ. ತೆಗೆದರೆ ಹೋಮ ಹೋಮದಂತೆ ಕಾಣದು.

ಮಲ್ಲೇಶ್ವರಂನ ಹಳೆಯ ಮನೆಗಳ ಮುಂದೆ ಮರದ ನೆರಳಿನಲ್ಲಿ ನಿಂತವರ ಮುಖಕ್ಕೆ ಎಲೆಯ ಹಸಿರು ಬೀಳುತ್ತದೆ. ಇದಕ್ಕೆ ಕೆಲ್ವಿನ್ ಸಾಲದು. ಟಿಂಟ್ ಎಂಬ ಇನ್ನೊಂದು ಹೊಂದಾಣಿಕೆಯನ್ನು ಹಸಿರಿನಿಂದ ಮಜೆಂಟಾ ಕಡೆಗೆ ಸ್ವಲ್ಪ ಸರಿಸಬೇಕು.

ರಿಸೆಪ್ಷನ್ ವೇದಿಕೆಯ ನೇರಳೆ, ನೀಲಿ ಎಲ್‌ಇಡಿಗಳು ಎಲ್ಲಕ್ಕಿಂತ ಕಷ್ಟ. ಬರಿಯ ನೀಲಿ ಬೆಳಕಿನಲ್ಲಿ ಕೆಂಪೇ ಇರುವುದಿಲ್ಲ. ಇಲ್ಲದ ಬಣ್ಣವನ್ನು ಕಂಪ್ಯೂಟರಿನಲ್ಲೂ ಮರಳಿ ತರಲಾಗದು. ಲೈಟಿಂಗ್ ಅಣ್ಣನಿಗೆ ಹೇಳಿ ಹತ್ತು ನಿಮಿಷ ಬಿಳಿ ದೀಪ ಹಾಕಿಸುವುದೇ ದಾರಿ.

ಚಾಮರಾಜಪೇಟೆಯ ನಿಕಾಹ್‌ನಲ್ಲಿ ಬೇರೆ ಸಮಸ್ಯೆ. ಮಸೀದಿಯಲ್ಲಿ ಟ್ಯೂಬ್ ಬೆಳಕಿನಲ್ಲಿ ದೂಲ್ಹಾನನ್ನು ಒಬ್ಬರು ತೆಗೆಯುತ್ತಾರೆ, ಹೆಂಗಸರ ಹಾಲ್‌ನಲ್ಲಿ ಹಳದಿ ದೀಪದ ಕೆಳಗೆ ದುಲ್ಹನ್‌ಳನ್ನು ಆಪಾ ತೆಗೆಯುತ್ತಾರೆ. ಕೊನೆಗೆ ಇಬ್ಬರೂ ಆಲ್ಬಮ್‌ನ ಎದುರುಬದುರು ಪುಟಗಳಲ್ಲಿ ಬರುತ್ತಾರೆ. ಅದಕ್ಕೆ ಎರಡೂ ಕ್ಯಾಮೆರಾಗಳು ಒಂದೇ ಗ್ರೇ ಕಾರ್ಡ್ ಬಳಸಬೇಕು. ಜಾಗ ಬದಲಾದಾಗಲೆಲ್ಲ ಮುಖದ ಪಕ್ಕದಲ್ಲಿ ಆ ಬೂದು ಕಾರ್ಡ್ ಹಿಡಿದು ಒಂದು ಫೋಟೊ ತೆಗೆಯುವುದು ಕ್ರಮ. ಕಾರ್ಡ್ ಹಿಡಿಯುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಆ ಬೂದನ್ನು ತೋರಿಸಿದರೆ ಅದೇ ಬೆಳಕಿನ ಉಳಿದ ಚಿತ್ರಗಳನ್ನೂ ಒಟ್ಟಿಗೆ ಸರಿಪಡಿಸಬಹುದು. ಫೋಟೊ ರಾ ಫೈಲ್ ಆಗಿರಬೇಕು. ಜೆಪೆಗ್‌ನಲ್ಲಿ ಕ್ಯಾಮೆರಾ ಬಣ್ಣವನ್ನು ಆಗಲೇ ನಿರ್ಧರಿಸಿರುತ್ತದೆ. ಹೆಚ್ಚು ತಿದ್ದಿದರೆ ಚಿತ್ರ ಕೆಡುತ್ತದೆ.

ಬಿಳಿ ಎಂದರೆ ಬೆಳ್ಳಗೆ ಮಾಡುವುದಲ್ಲ

ವೈಟ್ ಬ್ಯಾಲೆನ್ಸ್ ಎಂಬ ಹೆಸರನ್ನು ಕೆಲವರು ತಪ್ಪಾಗಿ ತಿಳಿಯುತ್ತಾರೆ. ಮನೆಯವರು ಬಂದು, “ಬೇಟಾ, ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿಕೊಡಿ” ಎನ್ನುತ್ತಾರೆ, ಅದೂ ದುಲ್ಹನ್ ಕೇಳಿಸಿಕೊಳ್ಳುವಂತೆ. ತನ್ನ ಮದುವೆಯ ದಿನ ಆ ಮಾತು ಕೇಳುವವಳ ಮನಸ್ಸು ಹೇಗಿರುತ್ತದೆ, ಯೋಚಿಸಿ. ಆಪಾ ನಗುತ್ತಲೇ ಉತ್ತರಿಸುತ್ತಾರೆ: “ಖಾಲಾ, ದೀಪದ ಬಣ್ಣ ತೆಗೀತೀನಿ, ಹುಡುಗಿಯ ಬಣ್ಣ ತೆಗೆಯಲ್ಲ.”

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಫಿಲ್ಮ್ ಕಾಲದಲ್ಲಿ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಮಹಿಳೆಯೊಬ್ಬಳ ಚಿತ್ರ. ಅವಳ ಚರ್ಮ ಸರಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಬೇರೆ ಬೇರೆ ಮೈಬಣ್ಣದ ಮಹಿಳೆಯರಿದ್ದ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ಬೂದು ಕಾರ್ಡ್ ಯಾರ ಚರ್ಮವನ್ನೂ ಅಳತೆಗೋಲು ಮಾಡುವುದಿಲ್ಲ. ಮನುಷ್ಯರ ಭಾಷೆ ಮತ್ತು ಬಣ್ಣಗಳ ವೈವಿಧ್ಯ ಅಲ್ಲಾಹನ ನಿದರ್ಶನಗಳಲ್ಲಿ ಒಂದು ಎಂದು ಸೂರಾ ರೂಮ್ ತಿಳಿಸುತ್ತದೆ. ಅದನ್ನು ಅಳಿಸುವ ಕೆಲಸ ಕ್ಯಾಮೆರಾದ್ದಲ್ಲ.

ಮಾಡಿ ನೋಡಿ

1. ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ 5500ಕ್ಕೆ ಇಡಿ. ಒಂದೇ ಬಿಳಿ ಹಾಳೆಯನ್ನು ಬಿಸಿಲು, ಮರದ ನೆರಳು, ಟ್ಯೂಬ್, ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆದು ಹೋಲಿಸಿ.
2. 3200ರಿಂದ 5500 ಕೆಲ್ವಿನ್‌ಗೆ ಬದಲಾವಣೆ ಎಷ್ಟು ಮೈರೆಡ್? ಲೆಕ್ಕ ಹಾಕಿ.
3. ಮನೆಯ ಹಳೆಯ ಮದುವೆ ಆಲ್ಬಮ್ ತೆಗೆದು, ಪ್ರತಿ ಚಿತ್ರದಲ್ಲಿ ಬಿಳಿ ಬಟ್ಟೆ ಯಾವ ಬಣ್ಣಕ್ಕೆ ತಿರುಗಿದೆ ನೋಡಿ. ಯಾವ ದೀಪದ ಕೆಳಗೆ ತೆಗೆದದ್ದು ಎಂದು ಊಹಿಸಿ, ಅಮ್ಮಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ.