ಕರ್ತನ ಬರೋಣದ ನಿರೀಕ್ಷೆಯೂ ನಮ್ಮ ದಿನದ ಕೆಲಸವೂ

ಪಾಠಭಾಗ: ಯಾಕೋಬ 5:1-9, 2 ಥೆಸಲೊನೀಕ 3:6-13

ಪ್ರಿಯರೇ, ಕರ್ತನು ತಿರಿಗಿ ಬರುವನೆಂದು ನಾವು ರವಿವಾರ ಸಭೆಯಲ್ಲಿ ಅರಿಕೆಮಾಡುತ್ತೇವೆ. ಸೋಮವಾರ ಹೊಲಕ್ಕೆ ಹೋಗುವಾಗ ಆ ನಿರೀಕ್ಷೆಯು ನಮಗೆ ಏನು ಕಲಿಸುತ್ತದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ನಿರೀಕ್ಷೆಯು ಕೆಲಸವನ್ನು ಬಿಡಿಸುವದಿಲ್ಲ. 2020ನೆಯ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಯು ಉಕ್ಕಿ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೂ ಹೊಲಗಳಿಗೂ ನೀರು ನುಗ್ಗಿತು. ಇಂಥ ವೇಳೆಯಲ್ಲಿ, ಲೋಕವೇ ಮುಗಿಯುವದಾದರೆ ಬಿತ್ತಿ ಫಲವೇನು ಎಂಬ ಯೋಚನೆ ಏಳುವದುಂಟು. ಥೆಸಲೊನೀಕದ ಸಭೆಯಲ್ಲಿಯೂ ಕರ್ತನ ದಿನವು ಬಂದೇಬಿಟ್ಟಿತೆಂಬ ಕಳವಳವಿತ್ತು. ಕೆಲವರು ದುಡಿಯದೆ ಅಲೆಯುತ್ತಿದ್ದರು. ಪೌಲನು ಅವರಿಗೆ ದಿನದ ಲೆಕ್ಕ ಕೊಡಲಿಲ್ಲ; ದುಡಿದು ಉಣ್ಣಬೇಕೆಂದು ಆಜ್ಞಾಪಿಸಿದನು. ಆ ದಿನವು ತಂದೆಯೊಬ್ಬನಿಗೇ ಗೊತ್ತು (ಮತ್ತಾಯ 24:36). ಆದದರಿಂದ ತಾರೀಖು ಹೇಳುವವನ ಮಾತು ಕೇಳಿ ಎತ್ತುಗಳನ್ನು ಮಾರಬೇಡಿರಿ.

2. ನಿರೀಕ್ಷೆಯು ತಾಳ್ಮೆಯನ್ನು ಕಲಿಸುತ್ತದೆ. ಯಾಕೋಬನು ನಮಗೆ ಒಕ್ಕಲಿಗನನ್ನು ತೋರಿಸುತ್ತಾನೆ. ಆಳಂದದ ಕರೀ ನೆಲದಲ್ಲಿ ಮುಂಗಾರಿಗೆ ಬಿತ್ತಿದ ತೊಗರಿಯು ಕೊಯ್ಲಿಗೆ ಬರುವದು ಡಿಸೆಂಬರ್, ಜನವರಿಯಲ್ಲಿ. ಹೆಸರು, ಉದ್ದು ಮನೆಗೆ ಬಂದ ಮೇಲೆಯೂ ತೊಗರಿಯು ಹೊಲದಲ್ಲಿಯೇ ನಿಂತಿರುತ್ತದೆ. ಹಾಗೆಂದು ಒಕ್ಕಲಿಗನು ಸುಮ್ಮನೆ ಕೂಡ್ರುವನೋ? ಎಡೆ ಹೊಡೆಯುತ್ತಾನೆ, ಕಳೆ ತೆಗೆಯುತ್ತಾನೆ, ಗಿಡ ಅಲುಗಾಡಿಸಿ ಕಾಯಿಕೊರಕ ಹುಳವನ್ನು ಉದುರಿಸುತ್ತಾನೆ. ಮಳೆ ಅವನ ಕೈಯಲ್ಲಿಲ್ಲ. ಹುಳ ಉದುರಿಸುವದು ಅವನ ಕೈಯಲ್ಲುಂಟು. ಕರ್ತನಿಗಾಗಿ ಕಾಯುವದೂ ಹಾಗೆಯೇ.

3. ನಿರೀಕ್ಷೆಯು ಕೂಲಿಯ ಲೆಕ್ಕ ಕೇಳುತ್ತದೆ. ತಾಳ್ಮೆಯ ಮಾತಿಗೆ ಮುಂಚೆಯೇ, 4ನೆಯ ವಚನದಲ್ಲಿ, ಪೈರು ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯು ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನು ಎಚ್ಚರಿಸುತ್ತಾನೆ. ನಮ್ಮಲ್ಲಿ ಕೂಲಿ ಮಾಡುವವರೂ ಕೊಡುವವರೂ ಇದ್ದೇವೆ. ರಾಶಿ ಮಾರಿದ ಮೇಲೆ ನೋಡೋಣವೆಂದು ಬಡವಿಯ ಕೂಲಿಯನ್ನು ತಡೆದಿಟ್ಟು, ಸಂಜೆ ಕರ್ತನ ಬರೋಣಕ್ಕಾಗಿ ಪ್ರಾರ್ಥಿಸುವವನು ತನ್ನ ನ್ಯಾಯಾಧಿಪತಿಯನ್ನೇ ಕರೆಯುತ್ತಾನೆ. ಆತನು ಬಾಗಲಲ್ಲಿಯೇ ಇದ್ದಾನೆ (ವಚನ 9). ಕೂಲಿ ಸಿಗದವರಿಗಾದರೋ ಇದು ಆದರಣೆಯ ಮಾತು. ಅವರ ಮೊರೆ ದೇವರ ಕಿವಿಗೆ ಮುಟ್ಟಿದೆ. ತಾಳ್ಮೆಯೆಂದರೆ ನ್ಯಾಯವಾದ ಕೂಲಿಯನ್ನು ಕೇಳದಿರುವದಲ್ಲ.

ಹೀಗಿರಲು, ಕರ್ತನು ಇಂದು ಬಂದರೂ ನೂರು ವರುಷ ತಡಮಾಡಿದರೂ ನಮ್ಮ ಇಂದಿನ ಕೆಲಸ ಒಂದೇ: ಬಿತ್ತುವದು, ಕಾಯುವದು, ಕೂಲಿಯವರ ಲೆಕ್ಕವನ್ನು ಹೊತ್ತು ಮುಳುಗುವ ಮೊದಲೇ ತೀರಿಸುವದು (ಧರ್ಮೋಪದೇಶಕಾಂಡ 24:15).

ವಿಚಾರಿಸತಕ್ಕ ಪ್ರಶ್ನೆಗಳು:
1. ಥೆಸಲೊನೀಕದವರಲ್ಲಿ ಕೆಲವರು ಮಾಡಿದ ತಪ್ಪೇನು?
2. ಒಕ್ಕಲಿಗನ ಕೈಯಲ್ಲಿರುವದೇನು, ಇಲ್ಲದ್ದೇನು?
3. ಈ ವಾರ ನಾವು ಯಾರ ಕೂಲಿಯನ್ನು, ಯಾರ ಸಾಲವನ್ನು ತೀರಿಸಬೇಕಾಗಿದೆ?