ಪ್ರವಾಸಿ ನಗರಕ್ಕೆ ಸುಸ್ಥಿರ ಸಾರಿಗೆ: ಮೈಸೂರನ್ನು ಮುಂದಿಟ್ಟುಕೊಂಡು ಮುಖ್ಯಾಂಶಗಳು

ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುವವರು ‘ಸುಸ್ಥಿರ ಪ್ರವಾಸೋದ್ಯಮ’ವನ್ನು ಪರಿಸರ ಅಧ್ಯಾಯದಲ್ಲೇ ಓದಿ ಮುಗಿಸುತ್ತಾರೆ. ಆದರೆ ನಗರದ ಮಟ್ಟಿಗೆ ಅದು ಮೊದಲು ಸಾರಿಗೆಯ ಪ್ರಶ್ನೆ. ಬಂದ ಪ್ರವಾಸಿ ಕಾರಿನಿಂದ ಇಳಿದು ಬಸ್ಸು, ಸೈಕಲ್ಲು, ಕಾಲ್ನಡಿಗೆಗೆ ಬರುತ್ತಾನೋ ಇಲ್ಲವೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದಕ್ಕೆ ಉದಾಹರಣೆ ಹುಡುಕಲು ಯುರೋಪಿಗೇ ಹೋಗಬೇಕಿಲ್ಲ, ಮೈಸೂರಿನಲ್ಲಿ ಸಿಗುತ್ತದೆ.

ಮೂಲ ಪರಿಕಲ್ಪನೆಗಳು

- ಸುಸ್ಥಿರ ಅಭಿವೃದ್ಧಿಯ ಪ್ರಸಿದ್ಧ ವ್ಯಾಖ್ಯೆ ಬಂದದ್ದು 1987ರ ಬ್ರಂಟ್‌ಲೆಂಡ್ ವರದಿಯಿಂದ.
- ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11.2 ಎಲ್ಲರಿಗೂ ಸುರಕ್ಷಿತ, ಕೈಗೆಟಕುವ ಸಾರಿಗೆಯ ಬಗ್ಗೆ, 8.9 ಸುಸ್ಥಿರ ಪ್ರವಾಸೋದ್ಯಮದ ಬಗ್ಗೆ. ಪ್ರವಾಸಿ ನಗರದ ಪ್ರಶ್ನೆಗೆ ಎರಡನ್ನೂ ಸೇರಿಸಿ ಬರೆಯಿರಿ.
- ‘ತಪ್ಪಿಸು, ಬದಲಿಸು, ಸುಧಾರಿಸು’ ಎಂಬ ಮೂರು ಹೆಜ್ಜೆಯ ಚೌಕಟ್ಟು: ಅನಗತ್ಯ ಓಡಾಟ ತಪ್ಪಿಸುವುದು, ಕಾರಿನಿಂದ ಸಾರ್ವಜನಿಕ ಸಾರಿಗೆಗೆ ಬದಲಿಸುವುದು, ಉಳಿದ ವಾಹನಗಳ ಇಂಧನವನ್ನು ಸುಧಾರಿಸುವುದು. ಈ ಕ್ರಮ ಮುಖ್ಯ. ನಮ್ಮಲ್ಲಿ ಎಲ್ಲರೂ ಮೂರನೆಯದರಿಂದ, ಅಂದರೆ ಎಲೆಕ್ಟ್ರಿಕ್ ವಾಹನದಿಂದ ಶುರುಮಾಡುತ್ತಾರೆ. ಅರಮನೆಯ ಮುಂದೆ ಸಾಲುಗಟ್ಟಿ ನಿಂತ ಎಲೆಕ್ಟ್ರಿಕ್ ಕಾರುಗಳು ಹೊಗೆ ಬಿಡುವುದಿಲ್ಲ ನಿಜ, ಜಾಗವನ್ನಂತೂ ಅಷ್ಟೇ ತಿನ್ನುತ್ತವೆ.
- ಧಾರಣಾ ಸಾಮರ್ಥ್ಯ: ಒಂದು ತಾಣ ತನಗೆ ಹಾನಿಯಾಗದಂತೆ ಏಕಕಾಲಕ್ಕೆ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬ ಮಿತಿ.

ಮೈಸೂರಿನ ಅನುಕೂಲ

ಮೈಸೂರಿನಲ್ಲಿ ನಗರ ಯೋಜನೆಗೆಂದೇ ‘ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್’ ರಚನೆಯಾದದ್ದು 1903ರಲ್ಲಿ. ಅಗಲ ರಸ್ತೆ, ವೃತ್ತ, ಉದ್ಯಾನಗಳ ಈ ಊರಿನ ನಡುಭಾಗ ಇಂದಿಗೂ ನಡೆದೇ ನೋಡುವಷ್ಟು ಅಡಕವಾಗಿದೆ. ನಗರ ಬಸ್ ನಿಲ್ದಾಣದಲ್ಲಿ ಇಳಿದರೆ ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ ಎಲ್ಲವೂ ಕಾಲ್ನಡಿಗೆಯ ದೂರ. ಮೃಗಾಲಯಕ್ಕೆ (ಸ್ಥಾಪನೆ 1892) ಹೋದವರಿಗೆ ಕಾರಂಜಿ ಕೆರೆ ಪಕ್ಕದಲ್ಲೇ ಇದೆ.

ಕಷ್ಟ ಬರುವುದು ಎಲ್ಲರೂ ಒಂದೇ ಹೊತ್ತಿಗೆ ಬಂದಾಗ. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಅರಮನೆಯ ದೀಪ ಬೆಳಗುವ ಹೊತ್ತು, ದಸರೆಯ ಹತ್ತು ದಿನ, ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟ: ದಟ್ಟಣೆಯ ಗಡಿಯಾರ ಹೀಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ದಟ್ಟಣೆಗೆ ಹೊರಗೆ ವಾಹನ ನಿಲ್ಲಿಸಿ ಒಳಗೆ ಬಸ್ ಓಡಿಸುವುದು ಹೊಸ ಮೇಲ್ಸೇತುವೆ ಕಟ್ಟುವುದಕ್ಕಿಂತ ಎಷ್ಟೋ ಅಗ್ಗ. ಸುಮಾರು 42 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಟ್ರಿಣ್ ಟ್ರಿಣ್: ಹೆಚ್ಚು ಕೇಳಲಾಗುವ ಅಂಶ

- ಆರಂಭ: 2017ರ ಜೂನ್ 4. ಉದ್ಘಾಟಿಸಿದವರು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ.
- ದೇಶದ ಮೊದಲ ಸಾರ್ವಜನಿಕ ಬೈಸಿಕಲ್ ಹಂಚಿಕೆ ವ್ಯವಸ್ಥೆ ಎಂದು ಗುರುತಿಸಲಾಗುತ್ತದೆ.
- ಮೊದಲ ಹಂತದಲ್ಲಿ 450 ಸೈಕಲ್, ಸುಮಾರು 50 ನಿಲುಗಡೆ ಕೇಂದ್ರ.
- ರಾಜ್ಯದ ಹೊಣೆ: ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ಮೈಸೂರು ಮಹಾನಗರ ಪಾಲಿಕೆ.
- ಅಂತರರಾಷ್ಟ್ರೀಯ ನೆರವು: ವಿಶ್ವಬ್ಯಾಂಕ್ ಮೂಲಕ ಜಾಗತಿಕ ಪರಿಸರ ಸೌಲಭ್ಯ ನಿಧಿ (ಜಿಇಎಫ್). ಕೇಂದ್ರದ ‘ಸುಸ್ಥಿರ ನಗರ ಸಾರಿಗೆ ಯೋಜನೆ’ಯ ಭಾಗ.

ಆರಂಭದ ವ್ಯವಸ್ಥೆಯಲ್ಲಿ ಬಳಸುವ ಬಗೆ ಹೀಗಿತ್ತು. ಗುರುತಿನ ದಾಖಲೆ ಕೊಟ್ಟು ಹೆಸರು ನೋಂದಾಯಿಸಿದರೆ ಸ್ಮಾರ್ಟ್ ಕಾರ್ಡ್. ಕಾರ್ಡ್ ತೋರಿಸಿದರೆ ಸೈಕಲ್ಲಿನ ಬೀಗ ಬಿಡುತ್ತಿತ್ತು. ಒಂದು ಕೇಂದ್ರದಲ್ಲಿ ತೆಗೆದದ್ದನ್ನು ಬೇರೆ ಯಾವ ಕೇಂದ್ರದಲ್ಲಾದರೂ ಸಿಕ್ಕಿಸಿ ಹೋಗಬಹುದು. ಬಾಡಿಗೆ ಸೈಕಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ತಂದ ಜಾಗಕ್ಕೇ ಮರಳಿಸಬೇಕಾಗಿಲ್ಲ. ಅಂಗಡಿಗೆ, ಕಾಲೇಜಿಗೆ, ಬಸ್ ನಿಲ್ದಾಣಕ್ಕೆ ಹೋಗುವ ಮೈಸೂರಿಗರು ಮತ್ತು ಊರು ನೋಡಲು ಬಂದವರು ಒಂದೇ ಸೈಕಲ್ಲನ್ನು ಬಳಸಬಹುದು.

ಈ ಯೋಜನೆಯ ದೊಡ್ಡ ಪಾಠ ಇಲ್ಲಿದೆ ಎಂದು ನನಗನ್ನಿಸುತ್ತದೆ. ಪ್ರವಾಸಿಗರಿಗೆಂದೇ ಮಾಡಿದ ಸೇವೆ ಸೀಸನ್ ಮುಗಿದೊಡನೆ ಸೊರಗುತ್ತದೆ. ಊರಿನವರು ದಿನವೂ ಬಳಸುವ ಸೇವೆಗೆ ಪ್ರವಾಸಿಯನ್ನು ಸೇರಿಸಿದರೆ ವರ್ಷವಿಡೀ ಉಸಿರಾಡುತ್ತದೆ. ಕೊರತೆಯನ್ನೂ ಬರೆಯಬೇಕು: ಸೈಕಲ್ ಕೊಟ್ಟರೆ ಸಾಲದು, ಅದು ಓಡಲು ಬೇರೆ ಪಥ ಬೇಕು. ಪಥದ ಮೇಲೆ ಕಾರು ನಿಂತಿದ್ದರೆ ಸೈಕಲ್ ಸವಾರ ಬಸ್ಸಿನ ದಾರಿಗೇ ಇಳಿಯಬೇಕಾಗುತ್ತದೆ. ನಿರ್ವಹಣೆಗೆ ಹಣ ಮೊದಲ ವರ್ಷಕ್ಕಷ್ಟೇ ಅಲ್ಲ, ಪ್ರತಿ ವರ್ಷವೂ ಬೇಕು.

ನಗರ ಬಸ್ಸು ಮತ್ತು ಐಟಿಎಸ್

ನಗರ ಬಸ್ಸಿಗೆ ‘ಬುದ್ಧಿವಂತ ಸಾರಿಗೆ ವ್ಯವಸ್ಥೆ’ ಅಂದರೆ ಐಟಿಎಸ್ ಅಳವಡಿಸಿದ ದೇಶದ ಮೊದಲ ನಗರ ಮೈಸೂರು. ವರ್ಷ 2012, ಜಾರಿ ಮಾಡಿದ್ದು ಕೆಎಸ್ಆರ್‌ಟಿಸಿ. ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಹಾಕಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣದ ಫಲಕದಲ್ಲಿ ತೋರಿಸುವ ಏರ್ಪಾಡು ಇದು. ಇದಕ್ಕೂ ಜಿಇಎಫ್–ವಿಶ್ವಬ್ಯಾಂಕ್ ನೆರವಿತ್ತು. ಊರು ಗೊತ್ತಿಲ್ಲದವನಿಗೆ ಬಸ್ಸಿನ ಬಗ್ಗೆ ಇರುವ ಮೊದಲ ಅಳುಕು ‘ಬರುತ್ತದೋ ಇಲ್ಲವೋ’ ಎಂಬುದೇ. ಹಾಗಾಗಿ ಬಸ್ಸಿನಷ್ಟೇ ಅದರ ಮಾಹಿತಿಗೂ ಬೆಲೆ ಇದೆ.

ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ. ಹವಾನಿಯಂತ್ರಿತ ಐಷಾರಾಮಿ ಬಸ್‌ಗಳಿಗೆ ಅನ್ವಯವಿಲ್ಲ. ಇದನ್ನು ಬರೀ ಕಲ್ಯಾಣ ಯೋಜನೆಯಾಗಿ ಓದಬೇಡಿ. ದೇವಸ್ಥಾನ, ಪ್ರವಾಸಿ ತಾಣಗಳಿಗೆ ಹೊರಡುವ ಕುಟುಂಬ ಬಸ್ಸನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ. ಕೆಎಸ್‌ಟಿಡಿಸಿಯ ‘ಅಂಬಾರಿ’ ಡಬಲ್ ಡೆಕ್ಕರ್, ದಸರೆ ಸಮಯದ ಪಾರಂಪರಿಕ ಟಾಂಗಾ ಸವಾರಿ ಒಂದೊಂದು ಸಾಲಿನ ಉಲ್ಲೇಖಕ್ಕೆ ಸಾಕು.

ಚಾಮುಂಡಿ ಬೆಟ್ಟ

ಧಾರಣಾ ಸಾಮರ್ಥ್ಯಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ರಾಜ್ಯದಲ್ಲಿ ಕಡಿಮೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದ ಈ ಬೆಟ್ಟಕ್ಕೆ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲಿವೆ. ಮೆಟ್ಟಿಲ ದಾರಿಯಲ್ಲಿ ಸಿಗುವ ಏಕಶಿಲಾ ನಂದಿ ದೊಡ್ಡ ದೇವರಾಜ ಒಡೆಯರ (1659–1673) ಕಾಲದ್ದು. ಅಂದರೆ ಬೆಟ್ಟಕ್ಕೆ ಸುಸ್ಥಿರ ಸಂಚಾರದ ದಾರಿ ಮೂರೂವರೆ ಶತಮಾನದ ಹಿಂದೆಯೇ ಇತ್ತು. ನಸುಕಿನಲ್ಲಿ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯ ಹೆಂಗಸರು, ಓಡಿ ಹತ್ತುವ ಕಾಲೇಜು ಹುಡುಗರು ಇಂದಿಗೂ ಅದೇ ದಾರಿಯವರು.

ರಸ್ತೆಯಲ್ಲಿ ಹೋಗುವವರಿಗೆ ನಗರ ಬಸ್ ನಿಲ್ದಾಣದಿಂದ 201 ಸಂಖ್ಯೆಯ ಬಸ್ಸು ಇದೆ. ಆದರೂ ಬಹುಪಾಲು ಪ್ರವಾಸಿಗರು ಸ್ವಂತ ವಾಹನದಲ್ಲೇ ಏರುತ್ತಾರೆ. ಅವರಿಗಾಗಿ ಬೆಟ್ಟದ ಮೇಲೆ ಬಹುಮಹಡಿ ವಾಹನ ನಿಲುಗಡೆ ಕಟ್ಟಡವೇ ಎದ್ದಿತು. 2021ರ ಅಕ್ಟೋಬರ್ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿಯಿತು. 2022ರಲ್ಲಿ ರೋಪ್‌ವೇ ಪ್ರಸ್ತಾವಕ್ಕೆ ಮೈಸೂರಿನ ನಾಗರಿಕರು, ಪರಿಸರಪ್ರೇಮಿಗಳು ಎದ್ದುನಿಂತು ವಿರೋಧಿಸಿದ ಮೇಲೆ ಸರ್ಕಾರ ಹಿಂದೆ ಸರಿಯಿತು. ಆ ಜನರ ವಿರೋಧ ಸರಿಯಾಗಿತ್ತು. ಮೇಲೆ ಹೆಚ್ಚು ಜನರನ್ನು ತಲುಪಿಸುವುದು ಬೆಟ್ಟದ ಅಗತ್ಯವೇ ಅಲ್ಲ. ಹೋಗುವ ಜನ ಕಡಿಮೆ ವಾಹನದಲ್ಲಿ ಹೋಗಬೇಕು, ಅಷ್ಟೆ. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಕೆಳಗೇ ತಡೆದು ಸರ್ಕಾರಿ ಬಸ್ಸಿನಲ್ಲಿ ಭಕ್ತರನ್ನು ಕರೆದೊಯ್ದದ್ದುಂಟು. ಆ ದಿನಗಳಲ್ಲಿ ಸಾಧ್ಯವಾದದ್ದು ಪ್ರತಿ ವಾರಾಂತ್ಯಕ್ಕೂ ಸಾಧ್ಯ.

ಊರಿಗೆ ಬರುವ ದಾರಿಗಳು

- ಬೆಂಗಳೂರು–ಮೈಸೂರು ರೈಲು ಮಾರ್ಗ: 1882. ಈಗ ಜೋಡಿ ಹಳಿ, ವಿದ್ಯುದೀಕರಣ ಎರಡೂ ಆಗಿವೆ.
- ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲು: ಚೆನ್ನೈ–ಮೈಸೂರು, 2022ರ ನವೆಂಬರ್ 11.
- ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ (ಎನ್‌ಎಚ್ 275): ಉದ್ಘಾಟನೆ 2023ರ ಮಾರ್ಚ್ 12. ಮುಖ್ಯ ಪಥದಲ್ಲಿ ಬೈಕ್, ಆಟೊಗಳಿಗೆ ನಿಷೇಧ 2023ರ ಆಗಸ್ಟ್ 1ರಿಂದ.
- ಬಂಡೀಪುರ ರಾತ್ರಿ ಸಂಚಾರ ನಿಷೇಧ: 2009ರಿಂದ, ರಾತ್ರಿ 9ರಿಂದ ಬೆಳಿಗ್ಗೆ 6. ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ಈ ನಿಷೇಧವಿರುವ ಹಳೆಯ ಎನ್‌ಎಚ್ 212 ಈಗ ಎನ್‌ಎಚ್ 766.
- ಊಟಿ, ಕೊಡೈಕೆನಾಲ್‌ಗೆ ಇ-ಪಾಸ್: ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ. ಮೈಸೂರು ದಾಟಿ ಊಟಿಗೆ ಹೋಗುವ ಕನ್ನಡಿಗರಿಗೂ ಅನ್ವಯ.

ದಶಪಥ ಹೆದ್ದಾರಿ ಪ್ರಯಾಣದ ಹೊತ್ತು ಉಳಿಸಿತು, ಜೊತೆಗೆ ವಾರಾಂತ್ಯದ ಕಾರುಗಳನ್ನೂ ಹೆಚ್ಚಿಸಿತು. ರಸ್ತೆ ದೊಡ್ಡದಾದಷ್ಟೂ ವಾಹನ ಹೆಚ್ಚುವುದಕ್ಕೆ ‘ಪ್ರೇರಿತ ಬೇಡಿಕೆ’ ಎನ್ನುತ್ತಾರೆ.

ನೀತಿ, ಯೋಜನೆ, ದಿನಾಚರಣೆ

- ರಾಷ್ಟ್ರೀಯ ನಗರ ಸಾರಿಗೆ ನೀತಿ 2006: ಒತ್ತು ವಾಹನಗಳ ಸಂಚಾರಕ್ಕಲ್ಲ, ಜನರ ಸಂಚಾರಕ್ಕೆ.
- ಪಿಎಂ-ಇಬಸ್ ಸೇವಾ: 2023ರ ಆಗಸ್ಟ್ 16ರಂದು ಸಂಪುಟ ಒಪ್ಪಿಗೆ, 10,000 ಇ-ಬಸ್, ಅಂದಾಜು ₹57,613 ಕೋಟಿ, ಅದರಲ್ಲಿ ಕೇಂದ್ರದ ಪಾಲು ₹20,000 ಕೋಟಿ. ಮೈಸೂರಿನಂಥ ಮಧ್ಯಮ ನಗರಗಳಿಗೆ.
- ಪಿಎಂ ಇ-ಡ್ರೈವ್: 2024ರ ಅಕ್ಟೋಬರ್ 1ರಿಂದ; ₹10,900 ಕೋಟಿ. ಇದರ ಇ-ಬಸ್‌ಗಳು 40 ಲಕ್ಷ ಮೀರಿದ ಜನಸಂಖ್ಯೆಯ 9 ನಗರಗಳಿಗೆ, ಬೆಂಗಳೂರು ಅದರಲ್ಲೊಂದು. ಈ ಎರಡು ಯೋಜನೆಗಳನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳಬೇಡಿ.
- ಸ್ವದೇಶ್ ದರ್ಶನ್ 2.0: ಕರ್ನಾಟಕದಿಂದ ಹಂಪಿ ಮತ್ತು ಮೈಸೂರು.
- ವಿಶ್ವ ಬೈಸಿಕಲ್ ದಿನ ಜೂನ್ 3. ವಿಶ್ವ ಪ್ರವಾಸೋದ್ಯಮ ದಿನ ಸೆಪ್ಟೆಂಬರ್ 27. ವಿಶ್ವ ಸುಸ್ಥಿರ ಸಾರಿಗೆ ದಿನ ನವೆಂಬರ್ 26. ವಿಶ್ವಸಂಸ್ಥೆಯ ಸುಸ್ಥಿರ ಸಾರಿಗೆ ದಶಕ: 2026–2035.

ಹೋಲಿಕೆಗೆ

ತಾಜ್‌ಮಹಲನ್ನು ಮಾಲಿನ್ಯದಿಂದ ಕಾಯಲು ಆಗ್ರಾ ಸುತ್ತ ಗುರುತಿಸಿದ ತಾಜ್ ಟ್ರೆಪೀಜಿಯಂ ವಲಯ ಸುಮಾರು 10,400 ಚ.ಕಿ.ಮೀ.; ಎಂ.ಸಿ. ಮೆಹ್ತಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು 1996. ತಾಜ್‌ಮಹಲಿನ ಬಾಗಿಲಿಗೆ ಜನ ಹೋಗುವುದು ಬ್ಯಾಟರಿ ವಾಹನದಲ್ಲಿ ಅಥವಾ ನಡೆದು. ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಪ್ರವಾಸಿಗರ ಮೋಟಾರು ವಾಹನಗಳಿಗೆ ಊರೊಳಗೆ ಪ್ರವೇಶವಿಲ್ಲ. ಕೊಚ್ಚಿಯ ವಾಟರ್ ಮೆಟ್ರೊ 2023ರ ಏಪ್ರಿಲ್‌ನಿಂದ ದ್ವೀಪವಾಸಿಗಳನ್ನೂ ಪ್ರವಾಸಿಗರನ್ನೂ ಒಂದೇ ದೋಣಿಯಲ್ಲಿ ಒಯ್ಯುತ್ತಿದೆ. ವೆನಿಸ್ 2021ರಲ್ಲಿ ದೊಡ್ಡ ಕ್ರೂಸ್ ಹಡಗುಗಳನ್ನು ನಗರದ ಮುಂದಿನ ಕಾಲುವೆಯಿಂದ ದೂರವಿಟ್ಟು, 2024ರ ಏಪ್ರಿಲ್ 25ರಿಂದ ದಟ್ಟಣೆಯ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 5 ಯೂರೊ ಪ್ರವೇಶ ಶುಲ್ಕ ಹಾಕಿತು.

ಉತ್ತರ ಬರೆಯುವಾಗ

ಪ್ರಬಂಧ ಮಾದರಿಯ ಪ್ರಶ್ನೆಗೆ ಚಾಮುಂಡಿ ಬೆಟ್ಟವನ್ನು ಸಮಸ್ಯೆಗೂ, ಟ್ರಿಣ್ ಟ್ರಿಣ್ ಮತ್ತು ನಗರ ಬಸ್ಸನ್ನು ಪರಿಹಾರಕ್ಕೂ ಬಳಸಿ. ಸಲಹೆ ಕೊಡುವಾಗ ಯಾರು ಜಾರಿ ಮಾಡಬೇಕು ಎಂಬುದನ್ನು, ಪಾಲಿಕೆಯೋ ಕೆಎಸ್ಆರ್‌ಟಿಸಿಯೋ ಪ್ರವಾಸೋದ್ಯಮ ಇಲಾಖೆಯೋ, ಹೆಸರಿಟ್ಟು ಬರೆಯಿರಿ. ಮೈಸೂರಿಗೆ ಹೋದಾಗ ಒಮ್ಮೆ 201ರಲ್ಲಿ ಬೆಟ್ಟ ಹತ್ತಿ, ಮೆಟ್ಟಿಲ ದಾರಿಯಲ್ಲಿ ಇಳಿದು ಬನ್ನಿ. ಓದಿದ್ದು ಮರೆತರೂ ನೋಡಿದ್ದು ಪರೀಕ್ಷಾ ಕೊಠಡಿಯಲ್ಲಿ ನೆನಪಿರುತ್ತದೆ.