ಕಡಲಿಂದ ಬಂದ ಕ್ಯಾಮೆರಾ ಹೌಸಿಂಗಿಗೆ ಮೊದಲು ಸಿಹಿನೀರು

ನೇತ್ರಾಣಿ ದ್ವೀಪದ ಬಳಿ ಮುಳುಗು ಹಾಕಿ ದೋಣಿಯಲ್ಲಿ ಮುರುಡೇಶ್ವರಕ್ಕೆ ಮರಳುವಾಗ ಎಲ್ಲರಿಗೂ ಒಂದೇ ಆತುರ: ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಪೆಟ್ಟಿಗೆಯನ್ನು, ಅಂದರೆ ಹೌಸಿಂಗನ್ನು, ತೆರೆದು ಮೀನಿನ ಚಿತ್ರ ನೋಡಬೇಕು. ನಾನೂ ಒಮ್ಮೆ ಹಾಗೇ ನೋಡಿ, ಹೌಸಿಂಗನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಬಿಟ್ಟೆ. ಮರುದಿನ ಶಟರ್ ಗುಂಡಿ ಒತ್ತಿದರೆ ಒಳಗೆ ಹೋಯಿತು, ಮೇಲೆ ಬರಲಿಲ್ಲ. ಗುಂಡಿಯ ಬುಡದಲ್ಲಿ ಸಕ್ಕರೆಯಂಥ ಬಿಳಿ ಹರಳು ಕೂತಿತ್ತು. ಆಳದ ನೀರನ್ನು ತಡೆದುಕೊಂಡು ಬಂದ ಹೌಸಿಂಗ್, ದಡದಲ್ಲಿ ಒಣಗಿದ ಉಪ್ಪಿಗೆ ಸೋಲುತ್ತದೆ.

ದೋಣಿ ಹತ್ತುವಾಗಲೇ ಮುಚ್ಚಳವಿರುವ ಬಕೆಟಿನಲ್ಲಿ ಸಿಹಿನೀರು ಜೊತೆಗಿರಲಿ. ಮೇಲೆ ಬಂದ ತಕ್ಷಣ ಹೌಸಿಂಗನ್ನು ತೆರೆಯದೆ ಅದರಲ್ಲಿ ಮುಳುಗಿಸಿ, ಅರ್ಧ ಗಂಟೆಯಾದರೂ ನೆನೆಸಿ. ನೆನೆಯುತ್ತಿರುವಾಗಲೇ ಪ್ರತಿ ಗುಂಡಿಯನ್ನೂ ಹತ್ತಾರು ಸಲ ಒತ್ತಿ ಬಿಡಿ. ಒಳಗೆ ಸಿಕ್ಕಿಕೊಂಡ ಉಪ್ಪುನೀರು ಹೊರಬರುವ ದಾರಿ ಅದು. ನಲ್ಲಿಯ ರಭಸಕ್ಕೆ ಹಿಡಿಯಬೇಡಿ, ಮರಳಿನ ಕಣ ಇನ್ನಷ್ಟು ಒಳಹೋಗುತ್ತದೆ. ಆಮೇಲೆ ನೆರಳಿನಲ್ಲಿ ಆರಲಿ. ಕೈ, ತಲೆಗೂದಲು ಒರೆಸಿಕೊಂಡೇ ತೆರೆಯಿರಿ. ಕೂದಲ ತುದಿಯ ಒಂದು ಹನಿ ಕ್ಯಾಮೆರಾ ಮೇಲೆ ಬಿದ್ದರೂ ಕೆಟ್ಟದ್ದೇ.

ಇನ್ನು ಮುಚ್ಚಳದ ಅಂಚಿನಲ್ಲಿ ನೀರು ತಡೆಯುವ ಉಂಗುರ, ಒ-ರಿಂಗ್. ಕುಕ್ಕರ್ ಗ್ಯಾಸ್ಕೆಟ್ ಬಳಸಿದವರಿಗೆ ಇದರ ಸ್ವಭಾವ ಗೊತ್ತು. ಪಿನ್ನು, ಚಾಕು ಹತ್ತಿರ ತರಬೇಡಿ. ಎರಡು ಬೆರಳಲ್ಲಿ ಎರಡು ಕಡೆಯಿಂದ ಒತ್ತಿ ತಳ್ಳಿದರೆ ನಡುವೆ ಉಬ್ಬುತ್ತದೆ, ಅಲ್ಲಿ ಹಿಡಿದು ಬಿಡಿಸಿ. ಬೆರಳುಗಳ ನಡುವೆ ನಿಧಾನ ಎಳೆಯುತ್ತಾ ಹೋಗಿ, ಕಣ್ಣಿಗೆ ಕಾಣದ ಮರಳು ಬೆರಳಿಗೆ ತಿಳಿಯುತ್ತದೆ. ಉಂಗುರ ಕೂರುವ ಕಾಲುವೆಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಗ್ರೀಸ್ ಹೆಸರುಕಾಳಿನಷ್ಟು ಸಾಕು: ಉಂಗುರ ಮಿನುಗಬೇಕು, ಎಲ್ಲೂ ಮುದ್ದೆ ಕಾಣಬಾರದು. ನೀರು ತಡೆಯುವುದು ಉಂಗುರ. ಗ್ರೀಸ್ ಅದನ್ನು ಸಲೀಸಾಗಿ ಕೂರಿಸುತ್ತದೆ ಅಷ್ಟೆ, ಹೆಚ್ಚಾದರೆ ಕೂದಲು, ಧೂಳು ಅಂಟಿಸಿಕೊಳ್ಳುತ್ತದೆ. ತಯಾರಕರು ಹೇಳಿದ್ದನ್ನೇ ಹಚ್ಚಿ. ಸಿಲಿಕೋನ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಊದಿಕೊಳ್ಳಬಹುದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡವೇ ಬೇಡ.

ನೀರಿನಡಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ, 30 ಮೀಟರಿನಲ್ಲಿ ಒಟ್ಟು ನಾಲ್ಕು ಪಟ್ಟು. ಆ ಒತ್ತಡ ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಹಾಗಾಗಿ ಕೂದಲು ಸಿಕ್ಕಿಕೊಂಡ ಹೌಸಿಂಗ್ ಎಷ್ಟೋ ಸಲ ಮೊದಲ ಕೆಲವು ಮೀಟರಿನಲ್ಲೇ ಸೋರುತ್ತದೆ. ಪ್ರವಾಸಕ್ಕೆ ಮುನ್ನ ಕ್ಯಾಮೆರಾ ಬದಲು ಟಿಶ್ಯೂ ಕಾಗದ ಇಟ್ಟು ಮುಚ್ಚಿ, ಬಕೆಟಿನಲ್ಲಿ ಒತ್ತಿ ಹಿಡಿಯಿರಿ. ಸಾಲಾಗಿ ಗುಳ್ಳೆ ಬಂದರೆ, ಕಾಗದ ಒದ್ದೆಯಾದರೆ ಉಂಗುರವನ್ನು ಮತ್ತೆ ನೋಡಿ.

ಪಾಲಿಕಾರ್ಬೊನೇಟ್ ಹೌಸಿಂಗಿಗೆ ಸ್ಪಿರಿಟ್, ಥಿನ್ನರ್ ವೈರಿಗಳು. ಡೀಟ್ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲೂ ಮುಟ್ಟಬೇಡಿ, ಆ ಪ್ಲಾಸ್ಟಿಕ್ಕನ್ನೇ ಅದು ತಿನ್ನುತ್ತದೆ. ಅಲ್ಯೂಮಿನಿಯಂ ಹೌಸಿಂಗಿನಲ್ಲಿ ಸತುವಿನ ತುಂಡು ಜೋಡಿಸಿದ್ದರೆ, ಸವೆದಾಗ ಬದಲಿಸಿ. ಅದು ತಾನು ಕರಗಿ ಲೋಹವನ್ನು ಉಳಿಸುತ್ತದೆ.

ಮಳೆಗಾಲದಲ್ಲಿ ಎತ್ತಿಡುವಾಗ ಲಾಕ್ ಹಾಕಬೇಡಿ. ಮುಚ್ಚಿದರೆ ಉಂಗುರ ಒತ್ತಿಕೊಂಡೇ ಚಪ್ಪಟೆಯಾಗುತ್ತದೆ. ಅದನ್ನು ತೆಗೆದು ಜಿಪ್ ಚೀಲದಲ್ಲಿಟ್ಟು, ಹೌಸಿಂಗ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ವಿಮಾನದಲ್ಲೂ ಉಂಗುರ ಬಿಚ್ಚಿಯೇ ಒಯ್ಯಿರಿ, ಇಲ್ಲದಿದ್ದರೆ ಇಳಿದ ಮೇಲೆ ಗಾಳಿಯ ಒತ್ತಡಕ್ಕೆ ಮುಚ್ಚಳ ಕಚ್ಚಿಕೊಂಡು ತೆರೆಯಲು ಹೆಣಗಬೇಕು. ದೊಡ್ಡ ಉಂಗುರವನ್ನು ವರ್ಷಕ್ಕೊಮ್ಮೆ ಬದಲಿಸಿ. ಗುಂಡಿಗಳೊಳಗಿನ ಸಣ್ಣ ಉಂಗುರಗಳನ್ನು ಸರ್ವೀಸಿನವರಿಗೇ ಬಿಡಿ.

ಇಷ್ಟಾದರೂ ನೀರಿನಡಿ ಒಳಗೆ ಹನಿ ಕಂಡರೆ ಲೆನ್ಸ್ ಕೆಳಮುಖವಾಗಿ ಹಿಡಿಯಿರಿ, ನೀರು ಗಾಜಿನ ಕಡೆ ಇಳಿದು ಕ್ಯಾಮೆರಾದ ದೇಹಕ್ಕೆ ತಡವಾಗಿ ತಲುಪುತ್ತದೆ. ಗಡಿಬಿಡಿಯಲ್ಲಿ ಮಾತ್ರ ಮೇಲೇರಬೇಡಿ. ಎಂದಿನ ನಿಧಾನದಲ್ಲೇ ಬನ್ನಿ, ನಿಮ್ಮ ಶ್ವಾಸಕೋಶಕ್ಕೆ ಬದಲಿ ಭಾಗ ಸಿಗುವುದಿಲ್ಲ. ಮೇಲೆ ಬಂದೊಡನೆ ಬ್ಯಾಟರಿ, ಕಾರ್ಡ್ ತೆಗೆದಿಡಿ. ಕೆಲಸ ಮಾಡುತ್ತದೆಯೇ ಎಂದು ಆನ್ ಮಾಡಿ ನೋಡಬೇಡಿ.